ದೇಯಿಗೆ ಬಿಟ್ಟ ಜಾಗ

ಪೂವಪ್ಪನವರು ಯಾರೊಡನೆಯಾದರೂ ಮಾತಿಗೆ ತೊಡಗುವ ಮುನ್ನ ಮೂರು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಮೊದಲ ಸಲ ಕಂಡವರು ಇದನ್ನು ಅವಮಾನವೆಂದೇ ತಿಳಿಯುವುದು. ನಾನೂ ಆ ಸಾಲಿನವನೇ, ಪರಿಚಯವಾದ ದಿನ ಅತ್ತಾವರದ ಮನೆಗೆ ಮರಳಿ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಂಡಿದ್ದೆ. ಕಾರಣ ತಿಳಿದದ್ದು ಆಮೇಲೆ. ಇಪ್ಪತ್ತೈದು ವರ್ಷ ಈ ಮಂಗಳೂರಿನ ಬಸ್ಸುಗಳ ಮೈಮೇಲೆ ಮೊಳದುದ್ದದ ಅಕ್ಷರಗಳನ್ನು ಬರೆದ ಮನುಷ್ಯ ಅವರು; ಒಂದು ಗೆರೆ ಎಳೆಯುವುದು, ಮೂರು ಹೆಜ್ಜೆ ಹಿಂದೆ ಸರಿಯುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಮುಂದೆ ಬಂದು ಇನ್ನೊಂದು ಗೆರೆ ಎಳೆಯುವುದು, ಹೀಗೆ ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ನಡೆದು ನಡೆದು, ಹತ್ತಿರ ನಿಂತರೆ ಏನೂ ಸರಿಯಾಗಿ ಕಾಣುವುದಿಲ್ಲವೆಂಬ ಸತ್ಯ ಅವರ ಕಣ್ಣಿಗಿಂತ ಮೊದಲು ಕಾಲಿಗೆ ಇಳಿದುಬಿಟ್ಟಿದೆ. ಮದುವೆ ಹಾಲ್‌ನಲ್ಲಿ ಯಾರನ್ನೋ ಮಾತಾಡಿಸಹೋಗಿ ಹಿಂದೆ ಸರಿದು, ಪಾಯಸದ ಬಾಲ್ದಿ ಹಿಡಿದವನಿಗೆ ಢಿಕ್ಕಿ ಹೊಡೆದು, ಮದುಮಗನ ಸೋದರಮಾವನಿಗೆ ಗೋಡಂಬಿ ದ್ರಾಕ್ಷಿ ಸಮೇತ ಅಭಿಷೇಕ ಮಾಡಿಸಿದ ಖ್ಯಾತಿಯೂ ಅವರಿಗಿದೆ.

ಆಳು ಸಪೂರ, ಅರುವತ್ತೆಂಟು ವರ್ಷ, ತಲೆ ಪೂರ್ತಿ ಬೆಳ್ಳಗೆ, ಹುಬ್ಬು ಮಾತ್ರ ಹಟ ಹಿಡಿದಂತೆ ಕಪ್ಪು. ಯಾವುದೋ ಕಾಲದಲ್ಲಿ ಬಸ್ಸಿನ ಮಾಲಕರೊಬ್ಬರು ಕೊಟ್ಟ ಖಾಕಿ ಕೋಟೊಂದನ್ನು ಅಂಗಿಯ ಮೇಲೆ ತೊಟ್ಟುಕೊಂಡೇ ಇರುತ್ತಾರೆ, ಏಪ್ರಿಲ್ ತಿಂಗಳಲ್ಲಿ ಊರಿಗೆ ಊರೇ ಬೆವರಿನಲ್ಲಿ ಮುಳುಗಿರುವಾಗಲೂ. ಆ ಕೋಟಿನ ಖಾಕಿ ಈಗ ಅಲ್ಲಲ್ಲಿ ಮಾತ್ರ ಉಳಿದಿದೆ. ಮಿಕ್ಕಿದ್ದೆಲ್ಲ ಬಣ್ಣದ ಚುಕ್ಕೆ, ಸೋರಿದ ಗೆರೆ, ಕುಂಚ ಒರೆಸಿದ ಪಟ್ಟೆ. ಅವರ ಬಾಯಲ್ಲಿ ಸದಾ ಇರುವ ಮಾತು ‘ಅಂದಾಜು’. ಹತ್ತು ಗಂಟೆಗೆ ಬರುತ್ತೀರಾ ಎಂದರೆ ‘ಅಂದಾಜು ಬರ್ತೇನೆ’, ಊಟವಾಯಿತೇ ಎಂದರೆ ‘ಅಂದಾಜು ಆಯ್ತು’. ಹಾಗೆಂದು ಕೆಲಸದಲ್ಲಿ ಅಂದಾಜು ಎಂಬುದೇ ಇಲ್ಲ. ಅವರು ದಾರ ಹಿಡಿಯದೆ ಎಳೆದ ಗೆರೆಯನ್ನು ಅಳೆಪಟ್ಟಿ ಇಟ್ಟು ಪರೀಕ್ಷಿಸಿದವರು ಕೊನೆಗೆ ಅಳೆಪಟ್ಟಿಯ ಮೇಲೆಯೇ ಅನುಮಾನಪಟ್ಟದ್ದುಂಟು.

ಒಂದೇ ಬಸ್ಸಿನ ಹಣೆಯ ಮೇಲೆ ಕೃಷ್ಣನನ್ನೂ ಶಿಲುಬೆಯನ್ನೂ ಮುಸ್ಲಿಮರ ಏಳು ಎಂಟು ಆರನ್ನೂ ಒಂದೇ ಅಳತೆಯಲ್ಲಿ, ಯಾರಿಗೂ ಬೇಸರವಾಗದಂತೆ ಕೂರಿಸುವ ಆ ಕಲೆ ಸ್ಟಿಕ್ಕರಿನ ಯಂತ್ರ ಬಂದ ಮೇಲೆ ಮೂಲೆಗೆ ಸರಿಯಿತು. ಪೂವಪ್ಪನವರು ಗೊಣಗಲಿಲ್ಲ. ಹಂಪನಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇರ್ವಿನ್ ಎಂಬವನ ಫ್ರೇಮಿನ ಅಂಗಡಿಯಿದೆ. ಸಂತರು, ದೇವರು, ಮದುಮಕ್ಕಳು, ತೀರಿಕೊಂಡವರು ಎಲ್ಲರೂ ಅಲ್ಲಿ ಗಾಜಿನ ಹಿಂದೆ ಸೇರುವವರು. ತೀರಿಕೊಂಡವರ ಭಾವಚಿತ್ರದ ಕೆಳಗೆ ಚಿನ್ನದ ಬಣ್ಣದಲ್ಲಿ ಹೆಸರು, ಜನನ, ಮರಣ ಬರೆಯುವ ಕೆಲಸ ಪೂವಪ್ಪನವರಿಗೆ ಸಿಕ್ಕಿತು. ಕಾಲೇಜಿನಿಂದ ನಿವೃತ್ತನಾಗಿ ಮಾತಿಗೆ ಜನ ಸಿಗದೆ ಅಲೆಯುತ್ತಿದ್ದ ನಾನು ಆ ಅಂಗಡಿಯ ಸ್ಟೂಲಿಗೆ ಅಂಟಿಕೊಂಡೆ. ಅವರನ್ನು ನಾನು ಬಲ್ಲದ್ದು ಅಲ್ಲಿಂದ.

ಅವರ ಬದುಕಿನ ದೊಡ್ಡ ಕೆಲಸ ಆರಂಭವಾದದ್ದಕ್ಕೆ ನಾನೂ ಇರ್ವಿನನೂ ಸಾಕ್ಷಿ. ಇಪ್ಪತ್ತೆರಡು ವರ್ಷದ ಹಿಂದೆ ಡೈಸಿ ಎಂಬ ನಿವೃತ್ತ ಟೀಚರಮ್ಮ ಬಿಜೈಯ ತಮ್ಮ ಹಳೆಯ ಮನೆಯಿಂದ ಒಂದು ಜಲವರ್ಣದ ಚಿತ್ರವನ್ನು ಹೊಸ ಫ್ರೇಮು ಹಾಕಿಸಲೆಂದು ತಂದರು. ಅವರ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಸಮುದ್ರದಾಚೆಯ ಒಂದು ದ್ವೀಪದ ಸಕ್ಕರೆ ಕಂಪನಿಯಲ್ಲಿ ಗುಮಾಸ್ತರಾಗಿದ್ದರಂತೆ. ಕೆಲಸ ಬಿಟ್ಟು ಬರುವಾಗ ಸಾಹೇಬರು ಕೊಟ್ಟ ಉಡುಗೊರೆಯಂತೆ. ಚಿತ್ರ ನಿಜಕ್ಕೂ ಸುಂದರವಾಗಿತ್ತು. ಎತ್ತರದ ಚಿಮಣಿ, ಉದ್ದನೆಯ ಕಾರ್ಖಾನೆ, ಅಲೆಯಲೆಯಾಗಿ ಕಬ್ಬಿನ ಹಸಿರು, ಗುಡ್ಡದ ಮೇಲೆ ಬಿಳಿಯ ಬಂಗಲೆ, ಬಂಗಲೆಯೆದುರು ಎರಡು ಕುದುರೆ, ಹಿಂದೆ ನೀಲಿ ಕಡಲು. ಪೂವಪ್ಪನವರು ಅದನ್ನು ನೋಡಲು ತಮ್ಮ ಪದ್ಧತಿಯಂತೆ ಮೂರು ಹೆಜ್ಜೆ ಹಿಂದೆ ಸರಿದರು. ಹಿಂದೆ ಒರಗಿಸಿಟ್ಟಿದ್ದ ಗಾಜಿನ ಹಾಳೆಗಳಲ್ಲಿ ಎರಡು ಪುಡಿಯಾದವು. ಇರ್ವಿನ್ ಕೊಂಕಣಿಯಲ್ಲಿ ಅವರ ಏಳು ತಲೆಮಾರನ್ನು ಸ್ಮರಿಸತೊಡಗಿದ. ಪೂವಪ್ಪನವರಿಗೆ ಅದು ಕೇಳಿಸಿದಂತಿರಲಿಲ್ಲ.

“ಇದರಲ್ಲಿ ಜನ ಎಲ್ಲಿ?” ಎಂದರು.

“ಜನ ಎಂತಕ್ಕೆ ಮಾರಾಯ್ರೆ? ಇದು ಸೀನರಿ,” ಎಂದ ಇರ್ವಿನ್.

“ಚಿಮಣಿಯಲ್ಲಿ ಹೊಗೆ ಬರ್ತಾ ಉಂಟಲ್ಲ. ಬೆಂಕಿ ಹಾಕಿದ್ದು ಯಾರು?”

ಉತ್ತರ ಇದ್ದದ್ದು ನನ್ನ ಬಳಿ, ಪುಸ್ತಕದಲ್ಲಿ ಓದಿದ್ದು. ಗುಲಾಮಗಿರಿ ಕಾನೂನಿನಲ್ಲಿ ಸತ್ತು ಕರಾರುಪತ್ರದಲ್ಲಿ ಪುನರ್ಜನ್ಮ ಪಡೆದ ಕಥೆಯನ್ನು, ಹೆಬ್ಬೆಟ್ಟು ಒತ್ತಿಸಿಕೊಂಡು ಐದು ವರ್ಷಕ್ಕೆಂದು ಹಡಗು ಹತ್ತಿಸಿದ ನಮ್ಮ ಜನರನ್ನು, ಚೀಟಿಯಿಲ್ಲದೆ ತೋಟದ ಗಡಿ ದಾಟಿದರೆ ಸೆರೆಮನೆಗೆ ಹಾಕುತ್ತಿದ್ದ ಆ ಸಕ್ಕರೆಯ ಸಾಮ್ರಾಜ್ಯವನ್ನು ನಾನು ಕಾಲೇಜಿನ ಧಾಟಿಯಲ್ಲಿ ವರ್ಣಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಎದುರಿನ ಹೋಟೆಲಿನಿಂದ ಚಹಾ ಬಂತು. ಮೂರು ಚಮಚ ಸಕ್ಕರೆ ಹಾಕಿ ಕಲಸಿದರು.

“ನಮ್ಮ ದೇಯಿ ಹೋದದ್ದು ಅಲ್ಲಿಗೇ,” ಎಂದರು ಆಮೇಲೆ.

ದೇಯಿ ಅವರ ಅಜ್ಜಿಯ ತಾಯಿಯ ಅಕ್ಕ. ನೂರ ಮೂವತ್ತು ವರ್ಷದ ಹಿಂದೆ ಬಂದರಿನಲ್ಲಿ ಮರುವಾಯಿ ಚಿಪ್ಪುಮೀನು ಮಾರುತ್ತಿದ್ದ ಹುಡುಗಿ. ಘಟ್ಟದ ಮೇಲೆ ಕಾಫಿ ತೋಟದಲ್ಲಿ ಆರು ತಿಂಗಳ ಕೆಲಸವೆಂದು ಒಬ್ಬ ಮೇಸ್ತ್ರಿ ಕರೆದನಂತೆ. ಘಟ್ಟ ಹತ್ತಬೇಕಾದವರನ್ನು ಮಂಜಿ ಎಂಬ ಹಾಯಿಹಡಗಿಗೆ ಹತ್ತಿಸಿದ್ದನ್ನು ಕಂಡು ಅನುಮಾನ ಬಂದು ನೀರಿಗೆ ಹಾರಿ ಈಜಿ ಬಂದ ಒಬ್ಬನು ಮನೆಗೆ ಹೇಳಿದ ಕೊನೆಯ ಸುದ್ದಿ ಇಷ್ಟೆ: ದೇಯಿ ಹತ್ತಿದಳು, ಕೈಯಲ್ಲಿ ಬುಟ್ಟಿ ಇತ್ತು. ಅಲ್ಲಿಂದ ಈಚೆ ಸುದ್ದಿಯಿಲ್ಲ. ಒಯ್ದದ್ದು ಕಬ್ಬಿನ ತೋಟಕ್ಕೆಂದು ಆಮೇಲೆ ಬಂದರಿನಲ್ಲಿ ಕೇಳಿಬಂದರೂ ಆ ಊರಿಗೆ ಹೆಸರಿರಲಿಲ್ಲ. ಮನೆಯಲ್ಲಿ ಅದನ್ನು ‘ಕರ್ಂಬುದ ಊರು’, ಕಬ್ಬಿನ ಊರು ಎಂದೇ ಕರೆಯುವುದು.

“ನಿಮಗೆ ಸಕ್ಕರೆ ಕಂಡರೆ ಸಿಟ್ಟು ಬರುವುದಿಲ್ಲವೇ?” ಎಂದು ನಾನು ಕೇಳಿದೆ. ವಿದ್ಯಾವಂತನ ಪ್ರಶ್ನೆ.

“ಅವಳು ಮಾಡಿದ್ದಲ್ವಾ ಮಾಷ್ಟ್ರೇ. ಬಿಡುವುದು ಹೇಗೆ?” ಎಂದು ಲೋಟದ ತಳದ ಸಕ್ಕರೆಯನ್ನು ಬೆರಳಿನಲ್ಲಿ ತೆಗೆದು ನೆಕ್ಕಿದರು.

ಡೈಸಿ ಟೀಚರು ದೊಡ್ಡ ಮನಸ್ಸಿನವರು. ಕಥೆ ಕೇಳಿ, ಚಿತ್ರವನ್ನು ಒಂದು ತಿಂಗಳು ಅಂಗಡಿಯಲ್ಲೇ ಬಿಟ್ಟರು. ಪೂವಪ್ಪನವರು ಗುಜರಿಗೆ ಹೋದ ಬಸ್ಸೊಂದರ ಪಕ್ಕೆಯ ಅಲ್ಯೂಮಿನಿಯಂ ತಗಡನ್ನು, ಎಂಟಡಿ ಉದ್ದದ್ದನ್ನು, ಕಾವೂರು ಕೆರೆಯ ಬಳಿಯ ತಮ್ಮ ಮನೆಯ ಹಿಂದಿನ ಶೆಡ್ಡಿಗೆ ಸಾಗಿಸಿ ಆ ಚಿತ್ರದ ಪ್ರತಿ ಮಾಡಲು ಕುಳಿತರು. ಅದರ ಬೆನ್ನಿನಲ್ಲಿ ‘ಸ್ಟೇಟ್‌ಬ್ಯಾಂಕ್–ಕಾವೂರು’ ಎಂದು ಅವರೇ ಹಿಂದೊಮ್ಮೆ ಬರೆದ ಅಕ್ಷರ ಈಗಲೂ ಇದೆ. ಬಳಸಿದ್ದು ಬಸ್ಸಿನ ಎನಾಮೆಲ್ ಬಣ್ಣವನ್ನೇ. ಹಾಗಾಗಿ ಅವರ ಕಡಲು ಊರಿನ ಯಾವುದೋ ಎಕ್ಸ್‌ಪ್ರೆಸ್ ಬಸ್ಸಿನ ನೀಲಿ. ಅವರ ಕಬ್ಬು ಇನ್ನಾವುದೋ ಬಸ್ಸಿನ ಹಸಿರು.

ಆರು ತಿಂಗಳಾದ ಮೇಲೆ ಇರ್ವಿನನೂ ನಾನೂ ನೋಡಹೋದೆವು. ಕಾರ್ಖಾನೆಗೆ ಕೆಂಪು ಹೆಂಚು ಹೊದೆಸಿದ್ದರು. ಚಿಮಣಿಯೂ ಡೈಸಿ ಟೀಚರ ಚಿತ್ರದ್ದಲ್ಲ, ನೇತ್ರಾವತಿಯ ದಡದಲ್ಲಿ ಮುಚ್ಚಿಹೋದ ಹೆಂಚಿನ ಕಾರ್ಖಾನೆಯದು. ಅವರ ತಾಯಿ ಮೂವತ್ತು ವರ್ಷ ಹಸಿ ಹೆಂಚು ಹೊತ್ತದ್ದು ಅಂಥದೇ ಒಂದು ಚಿಮಣಿಯ ಕೆಳಗೆ.

“ಪೂವಪ್ಪಣ್ಣ, ಇದು ಟೈಲ್ ಫ್ಯಾಕ್ಟರಿ ಆಯ್ತಲ್ಲ, ಸಕ್ಕರೆದ್ದು ಅಲ್ಲ,” ಎಂದ ಇರ್ವಿನ್.

“ನಾನು ನೋಡಿದ ಫ್ಯಾಕ್ಟರಿ ಅದೊಂದೇ. ಇಲ್ಲಿಯ ಹೆಂಚು ಹಡಗಿನಲ್ಲಿ ಊರೂರಿಗೆ ಹೋಗ್ತಿತ್ತಲ್ಲ, ಅಲ್ಲಿಗೂ ಅಂದಾಜು ಹೋಗಿರಬಹುದು. ಮಾಡಿಗೆ ಊರಿನ ಹೆಂಚು ಇದ್ದರೆ ಅವಳಿಗೂ ಒಂದು ಸಮಾಧಾನ ಅಲ್ವಾ?”

ಆಮೇಲೆ ಶುರುವಾಯಿತು ಜನರನ್ನು ತುಂಬುವ ಕೆಲಸ. ವರ್ಷಕ್ಕೆ ಹತ್ತು ಹನ್ನೆರಡು ಮಂದಿ. ಕಬ್ಬು ಕಡಿಯುವವರು, ಹೊರೆ ಹೊರುವವರು, ಗಾಣದ ಉರುಳೆಗಳಿಗೆ ಕಬ್ಬು ಕೊಡುವವರು, ಕೊಪ್ಪರಿಗೆಯ ಮುಂದೆ ಬೆವರು ಒರೆಸಿಕೊಳ್ಳುವವರು, ತೋಟದ ಗಡಿಯಲ್ಲಿ ಚೀಟಿ ತೋರಿಸಲು ಸಾಲುಗಟ್ಟಿದವರು. ಮುಖಗಳನ್ನೆಲ್ಲ ಈ ಊರಿನಿಂದಲೇ ಎತ್ತಿದರು: ಉಳ್ಳಾಲದಿಂದ ಮೀನು ತರುವ ಹೆಂಗಸರು, ಕಂಡಕ್ಟರುಗಳು, ಆಸ್ಪತ್ರೆಯ ಗೇಟಿನಲ್ಲಿ ಎಳನೀರು ಕೆತ್ತುವ ಮುಖೇಶ. ಒಬ್ಬೊಬ್ಬರನ್ನು ಬರೆಯುವಾಗಲೂ ಅವರಿಗೊಂದು ಕೆಲಸ ಕೊಡದೆ ಬಿಡುತ್ತಿರಲಿಲ್ಲ, ಸುಮ್ಮನೆ ನಿಂತವನು ಆ ಚಿತ್ರದಲ್ಲಿ ಒಬ್ಬನೇ. ಕೊಡೆ ಹಿಡಿದು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿ ನಿಂತಿದ್ದ ಆ ಮೇಲ್ವಿಚಾರಕನ ಮುಖ ನನ್ನದೇ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಇದು ಎಂತ ಪೂವಪ್ಪನವರೇ?”

“ಬೇಸರ ಮಾಡಬೇಡಿ ಮಾಷ್ಟ್ರೇ. ನಿಮ್ಮ ನಿಲ್ಲುವ ಗತ್ತು ಹಾಗೆ ಉಂಟು.”

ಬೇಸರ ಮಾಡಿಕೊಂಡೆ. ಒಂದು ವಾರ ಅಂಗಡಿಯ ಕಡೆ ಹೋಗಲಿಲ್ಲ. ಎಂಟನೆಯ ದಿನ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ; ಅವರ ಕಣ್ಣು ತಪ್ಪಿರಲಿಲ್ಲ. ಮರುದಿನ ಹೋಗಿ ಸ್ಟೂಲಿನಲ್ಲಿ ಕುಳಿತೆ.

ಇನ್ನೂರಕ್ಕೂ ಹೆಚ್ಚು ಜನ ತುಂಬಿದ ಆ ತಗಡಿನಲ್ಲಿ, ಕೊಪ್ಪರಿಗೆಯ ಮನೆಯ ಬಾಗಿಲಲ್ಲಿ, ಒಬ್ಬ ಹೆಂಗಸು ನಿಲ್ಲುವಷ್ಟು ಜಾಗವನ್ನು ಬಣ್ಣ ತಾಗಿಸದೆ ಬಿಟ್ಟಿದ್ದರು. ಬರಿಯ ತಗಡು. ಬಾಗಿಲಿನ ಬಿಸಿಲು ಅದರ ಮೇಲೆ ಬಿದ್ದಾಗ ನೋಡಲಾಗದಷ್ಟು ಹೊಳೆಯುತ್ತಿತ್ತು. ಅದು ದೇಯಿಯದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಬರೆದುಬಿಡಿ, ಯಾವುದಾದರೂ ಮುಖ ಸಾಕಲ್ಲ ಎಂದು ಇರ್ವಿನ್ ಹೇಳಿದ್ದಕ್ಕೆ, ಉಳಿದವರೆಲ್ಲ ಯಾರಾದರೂ ಆಗಬಹುದು, ಅವಳು ಯಾರಾದರೂ ಆಗಬಾರದು ಎಂದರಂತೆ.

ಆ ಮುಖಕ್ಕಾಗಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಚಳಿಗಾಲದಲ್ಲಿ ಪಣಂಬೂರಿನ ಬಂದರಿಗೆ ಪ್ರವಾಸಿಗಳ ದೊಡ್ಡ ಹಡಗುಗಳು ಬರುತ್ತವೆ. ಇಳಿದವರನ್ನು ಬಸ್ಸಿನಲ್ಲಿ ಕದ್ರಿಗೆ, ಚರ್ಚಿಗೆ, ಮಾರುಕಟ್ಟೆಗೆ ಸುತ್ತಿಸುತ್ತಾರೆ. ಆ ದಿನಗಳಲ್ಲಿ ಪೂವಪ್ಪನವರು ಕೋಟನ್ನು ಒಗೆದು ತೊಟ್ಟು ಕದ್ರಿಯ ಮೆಟ್ಟಿಲ ಬಳಿ ನಿಲ್ಲುತ್ತಿದ್ದರು. ಬಿಳಿಯರನ್ನು ಬಿಟ್ಟು, ನಮ್ಮ ಬಣ್ಣದ ಪರದೇಶಿಗಳನ್ನು ಹುಡುಕುತ್ತಿದ್ದರು. ಅವರದು ತಾಯಿಯ ಕಡೆಯಿಂದ ವಂಶ ಹಿಡಿಯುವ ಕುಟುಂಬ. ದೇಯಿಗೆ ಅಲ್ಲಿ ಮಕ್ಕಳಾಗಿದ್ದರೆ, ಮಗಳಿಗೆ ಮಗಳಾಗಿದ್ದರೆ, ಆ ಸಂತಾನವೆಲ್ಲ ಈ ಮನೆಯದೇ, ದೂರದ ನೆಂಟರಲ್ಲ. ಒಂದು ಸಲ ಥೇಟು ತಮ್ಮ ಅಕ್ಕನ ಹಣೆಯೇ ಇದ್ದ ಒಬ್ಬಾಕೆ ಕಂಡಳಂತೆ. ದೇವಸ್ಥಾನದ ಕೆರೆಯವರೆಗೆ ಹಿಂದೆಯೇ ನಡೆದರಂತೆ. ಅವಳು ತಿರುಗಿ ನಕ್ಕು, ಮೊಬೈಲು ಇವರ ಕೈಗಿತ್ತು, ಫೋಟೋ ತೆಗೆಯಲು ಸನ್ನೆ ಮಾಡಿದಳಂತೆ. ತೆಗೆದು ಕೊಟ್ಟು ಬಂದರು.

“ಕೇಳಬಹುದಿತ್ತಲ್ಲ ಪೂವಪ್ಪನವರೇ?”

“ಎಂತ ಕೇಳುವುದು? ನೀನು ನಮ್ಮವಳಾ ಅಂತ ಕೇಳುದಾ? ಹೌದು ಅಂದರೆ ನನಗೆ ಅಲ್ಲಿ ನಿಲ್ಲಲಿಕ್ಕೆ ಆಗ್ತಿರಲಿಲ್ಲ. ಅಲ್ಲ ಅಂದರೂ ಆಗ್ತಿರಲಿಲ್ಲ.”

ಚಿತ್ರಕ್ಕಿಂತ ದೊಡ್ಡದೊಂದು ಆಸೆ ಅವರಿಗಿತ್ತು. ಅದನ್ನು ತಿಳಿಯಬೇಕಾದರೆ ಅವರ ಮನೆಯ ಆಟಿ ತಿಂಗಳ ಕಟ್ಟಳೆಯನ್ನು ತಿಳಿಯಬೇಕು. ಮಳೆಗಾಲದ ನಡುವಿನ ಆ ಆಟಿಯಲ್ಲಿ ತುಳುವರು ತೀರಿಕೊಂಡ ಹಿರಿಯರಿಗೆ ಬಡಿಸುತ್ತಾರೆ. ಸಾಲಾಗಿ ಬಾಳೆಲೆ ಹಾಕಿ, ಒಬ್ಬೊಬ್ಬರ ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಪೂವಪ್ಪನವರ ಮನೆಯಲ್ಲಿ ಏಳು ತಲೆಮಾರಿನ ತಾಯಂದಿರ ಹೆಸರು ಕರೆಯುತ್ತಾರೆ, ದೇಯಿಯ ಹೆಸರು ಮಾತ್ರ ಇಲ್ಲ. ಸತ್ತ ಸುದ್ದಿಯನ್ನು ಯಾರಾದರೂ ಬಂದು, ಅಂಗಳದಲ್ಲಿ ನಿಂತು, ನೀರು ಕುಡಿಯುವ ಮೊದಲು ಹೇಳಬೇಕು. ಸುದ್ದಿ ಬಾರದವರಿಗೆ ಎಲೆ ಹಾಕಿದರೆ ಬದುಕಿದ್ದವರನ್ನು ನಾವೇ ಕೊಂದ ಹಾಗೆ ಎಂಬುದು ಆ ಮನೆಯ ನಂಬಿಕೆ. ಹಾಗಾಗಿ ದೇಯಿಯ ಹೆಸರಿನಲ್ಲಿ ಪ್ರತಿ ಆಟಿಯಲ್ಲೂ ಒಂದು ಎಲೆ ಕೊಯ್ದು, ಬಾಡಿಸಿ, ಮಡಚಿ, ಅಡುಗೆಮನೆಯ ಮೂಲೆಯಲ್ಲಿ ಇಡುತ್ತಾರೆ. ಬೆಳಿಗ್ಗೆ ದನಕ್ಕೆ ಹಾಕುತ್ತಾರೆ. ನೂರ ಮೂವತ್ತು ವರ್ಷ ಮಡಚಿಟ್ಟ ಎಲೆಯದು. ಪೂವಪ್ಪನವರಿಗೆ ಬೇಕಾಗಿದ್ದದ್ದು ತಾವು ಸಾಯುವ ಮೊದಲು ಆ ಎಲೆಯನ್ನು ಬಿಡಿಸಿ ಹಾಕುವುದು, ಅಷ್ಟೆ.

ಅದಕ್ಕೆ ಅಡ್ಡ ನಿಂತವರು ಅವರ ಅಕ್ಕ ರತ್ನಾವತಿ, ಎಪ್ಪತ್ತಾರರ ಹಿರಿಯ ಹೆಂಗಸು, ಆ ಮನೆಯ ಯಜಮಾನಿ. ಕೆಟ್ಟವರಲ್ಲ. ಕಟ್ಟಳೆಗೆ ಒಂದು ಕೂದಲಿನಷ್ಟೂ ಸಡಿಲ ಕೊಡದವರು.

“ಅಕ್ಕ, ಅವಳು ಈಗ ಇದ್ದರೆ ನೂರ ಐವತ್ತು ವರ್ಷ ಆಗ್ತಿತ್ತು,” ಎಂದು ತಮ್ಮ ವಾದಿಸುವುದು.

“ಇರಲಿ. ಏರ್ ಪಂಡಿನಿ? ಯಾರು ಬಂದು ಹೇಳಿದ್ದು?” ಎಂದು ಅಕ್ಕ ಕೇಳುವುದು.

ವರ್ಷಕ್ಕೊಮ್ಮೆ ಈ ಎರಡು ಮಾತು ಆ ಮನೆಯಲ್ಲಿ ತಪ್ಪದೆ ಆಗುತ್ತಿತ್ತು. ಆಮೇಲೆ ಇಬ್ಬರೂ ಕೂಡಿಯೇ ಕೋಳಿ ಸುಲಿಯುತ್ತಿದ್ದರು.

ಕಳೆದ ವರ್ಷದ ಮೇ ತಿಂಗಳಲ್ಲಿ ರತ್ನಾವತಿಯವರ ಮೊಮ್ಮಗಳು, ಅತ್ತಾವರದಲ್ಲಿ ನರ್ಸಿಂಗ್ ಓದುವ ತೃಪ್ತಿ, ನನ್ನ ಮನೆಗೆ ಬಂದಳು. ಆ ದ್ವೀಪದ ಸರಕಾರ ಹಳೆಯ ಹಡಗಿನ ದಾಖಲೆಗಳನ್ನು ಅಂತರ್ಜಾಲಕ್ಕೆ ಏರಿಸಿದೆಯೆಂದೂ, ತಾನು ಮೂರು ತಿಂಗಳಿನಿಂದ ಹುಡುಕುತ್ತಿರುವೆನೆಂದೂ, ದೇಯಿ ಸಿಕ್ಕಿದ್ದಾಳೆಂದೂ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

“ಎಂತ ಆಯ್ತು?”

“ಮೂರು ಜನ ಇದ್ದಾರೆ ಸರ್.”

ಕಂಪ್ಯೂಟರಿನ ಪರದೆಯನ್ನು ದೊಡ್ಡದು ಮಾಡಿಕೊಂಡು, ಗುಮಾಸ್ತರ ಸೊಟ್ಟ ಇಂಗ್ಲಿಷನ್ನು ನಾನು ಓದಿದೆ. ಮೂರು ಹಡಗು, ಮೂರು ವರ್ಷ, ಮೂವರೂ ಮಂಗಳೂರಿನ ದೇಯಿಯರು. ಒಬ್ಬಳಿಗೆ ಹತ್ತೊಂಬತ್ತು ವರ್ಷ. ಎರಡನೆಯ ವರ್ಷ ಕಾರ್ಖಾನೆಯ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತಳು. ಒಬ್ಬಳಿಗೆ ಇಪ್ಪತ್ತನಾಲ್ಕು, ಕರಾರು ಮುಗಿಯಲು ಎರಡು ತಿಂಗಳಿರುವಾಗ ಗಾಣದ ಉರುಳೆಗಳಿಗೆ ಬಲಗೈ ಸಿಕ್ಕಿ ಸತ್ತಳು. ಇನ್ನೊಬ್ಬಳಿಗೆ ಇಪ್ಪತ್ತು; ಕರಾರಿನ ಮೇಲೆ ಕರಾರು ಹಾಕುತ್ತ ನಲವತ್ತೊಂದರವರೆಗೆ ಬದುಕಿ ಸತ್ತಳು, ಹಿಂದೆ ಯಾರೂ ಇಲ್ಲ ಎಂದು ಷರಾ. ಇವರಲ್ಲಿ ಯಾರು ಯಾರೆಂದು ತಿಳಿಯಲು ಅಲ್ಲಿ ಒಂದೇ ಗುರುತಿತ್ತು. ಪ್ರತಿಯೊಬ್ಬಳ ಹೆಸರಿನ ಮುಂದೆ ತಂದೆಯ ಹೆಸರು ಬರೆದಿದ್ದರು: ಕಾಂತು, ದೂಮ, ಐತ.

ನಾನು ಆ ಸಂಜೆಯೇ ಕಾವೂರಿಗೆ ಓಡಿದೆ. ಶೆಡ್ಡಿನಲ್ಲಿ ಪೂವಪ್ಪನವರನ್ನು ಹಿಡಿದು, ದೇಯಿಯ ಅಪ್ಪನ ಹೆಸರೇನು ಎಂದು ಕೇಳಿದೆ. ಅವರು ಅಜ್ಜಿಯ ಹೆಸರು ಹೇಳಿದರು, ಅಜ್ಜಿಯ ತಾಯಿಯ ಹೆಸರು ಹೇಳಿದರು, ಅವಳ ತಾಯಿ, ಅವಳ ತಾಯಿ, ಹೀಗೆ ಒಂದೇ ಉಸಿರಿನಲ್ಲಿ ಏಳು ಹೆಂಗಸರು. ಅಪ್ಪನ ಹೆಸರು? ಬೆರಳು ಮಡಚಿ ಬಿಡಿಸಿದರು. ತಾಯಿಯಿಂದ ತಾಯಿಗೆ ಹೆಸರುಗಳನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದ ಆ ಮನೆಯಲ್ಲಿ ಅಪ್ಪಂದಿರ ಹೆಸರು ನೆನಪಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಬರೆದುಕೊಂಡ ಬಿಳಿಯರಿಗೆ ತಾಯಿಯ ಹೆಸರು ಕೇಳಬೇಕೆಂದು ತೋಚಿರಲಿಲ್ಲ. ನಾನು ದಾಖಲೆಯಲ್ಲಿದ್ದದ್ದನ್ನು ಒಂದೊಂದಾಗಿ ಹೇಳಿದೆ. ಪೂವಪ್ಪನವರು ತಗಡಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು.

“ಯಾವುದಾದರೂ ಒಂದು ಹೇಳಿ ಮಾಷ್ಟ್ರೇ,” ಎಂದರು. “ನಿಮ್ಮ ಅಂದಾಜಿಗೆ ಯಾರು?”

ಆ ಮುಖವನ್ನು ನೋಡಿ, ಆಟಿಯಲ್ಲಿ ಬಂದು ಅಂಗಳದಲ್ಲಿ ನಿಂತು ಹೇಳುತ್ತೇನೆಂದು ಮಾತು ಕೊಟ್ಟೆ. ಸುದ್ದಿ ತರುವವನು ನಾನಾಗುವುದೆಂದು ನಿಶ್ಚಯವಾಯಿತು.

ಎರಡು ವಾರದ ಮೇಲೆ ಶೆಡ್ಡಿಗೆ ಹೋದಾಗ ಅವರು ಗೀಸುಳಿ ಹಿಡಿದು ಚಿತ್ರದಿಂದ ಬಣ್ಣ ಕೆರೆದು ತೆಗೆಯುತ್ತಿದ್ದರು. ಕೊಪ್ಪರಿಗೆಯ ಮನೆಯ ಬಾಗಿಲಿನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ನಾನು ಸೊಂಟದವರೆಗೆ ಹೋಗಿಬಿಟ್ಟಿದ್ದೆ. ಒಬ್ಬಳಿಗಾಗಿ ಬಿಟ್ಟ ಜಾಗದಲ್ಲಿ ಮೂವರು ನಿಲ್ಲುವುದಿಲ್ಲ, ಯಾರನ್ನಾದರೂ ತೆಗೆಯಬೇಕಲ್ಲ, ಕೆಲಸ ಇಲ್ಲದವರು ನೀವೊಬ್ಬರೇ ಎಂದರು. ನಾನು ನಕ್ಕೆ, ನಗುತ್ತಿರುವಾಗಲೇ ಕಣ್ಣು ಮಂಜಾಯಿತು. ಸೀಮೆಸುಣ್ಣದಲ್ಲಿ ಮೂರು ಆಕೃತಿಗಳನ್ನು ಬರೆದಿದ್ದರು. ನಡುವಿನವಳು ಎರಡೂ ಕೈಯಲ್ಲಿ ಬುಟ್ಟಿ ಹಿಡಿದಿದ್ದಳು. ಗಾಣದವಳು ಯಾರು ಎಂದು ಕೇಳಿದೆ.

“ಅವಳೇ,” ಎಂದರು. “ನನ್ನ ಫ್ಯಾಕ್ಟರಿಯಲ್ಲಿ ಅವಳಿಗೆ ಎರಡು ಕೈ ಉಂಟು.”

ಆಟಿಯ ಒಂದು ಮಂಗಳವಾರ, ಮುಸ್ಸಂಜೆಗೆ ಮೊದಲು, ನಾನು ಕಾವೂರಿನ ಆ ಅಂಗಳದಲ್ಲಿ ನಿಂತೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿ ಒಂದು ಸುಳ್ಳು ಕಟ್ಟಿಕೊಂಡಿದ್ದೆ. ಹತ್ತೊಂಬತ್ತರ ಹುಡುಗಿಯನ್ನೇ ನಮ್ಮವಳೆಂದು ಹೇಳಿಬಿಡುವುದು. ಜ್ವರದ ಸಾವು, ಕೇಳುವವರಿಗೂ ಹೇಳುವವನಿಗೂ ಹಗುರ. ರತ್ನಾವತಿಯವರು ಒಗೆದ ಸೀರೆಯುಟ್ಟು ಜಗಲಿಯ ಮೇಲೆ ನಿಂತಿದ್ದರು. ಪೂವಪ್ಪನವರು ಬಾವಿಕಟ್ಟೆಯ ಬಳಿ, ತೃಪ್ತಿ ಬಾಗಿಲಲ್ಲಿ.

“ದೇಯಿ ತೀರಿಕೊಂಡಳು,” ಎಂದೆ.

“ನೀವು ನೋಡಿದ್ದಾ?” ಎಂದರು ರತ್ನಾವತಿಯವರು.

“ನೋಡಿದವರು ಬರೆದಿಟ್ಟದ್ದನ್ನು ಓದಿದೆ.”

“ಎಲ್ಲಿ? ಹೇಗೆ?”

ಕಟ್ಟಿಕೊಂಡು ಬಂದ ಸುಳ್ಳು ಬಾಯಿಗೆ ಬರಲಿಲ್ಲ. ಆ ಇಬ್ಬರನ್ನು ಅಂಗಳದ ಹೊರಗೆ ನಿಲ್ಲಿಸಿ ಒಬ್ಬಳನ್ನೇ ಒಳಗೆ ಕಳಿಸುವುದು ನನ್ನಿಂದಾಗಲಿಲ್ಲ. ಮೂವರ ಕಥೆಯನ್ನೂ, ಓದಿದ್ದನ್ನು ಓದಿದ ಹಾಗೆಯೇ ಹೇಳಿದೆ. ರತ್ನಾವತಿಯವರು ಕಂಬವನ್ನು ಹಿಡಿದುಕೊಂಡು ಕೇಳಿದರು.

“ಇವರಲ್ಲಿ ನಮ್ಮವಳು ಯಾರು?”

“ಗೊತ್ತಿಲ್ಲ.”

“ಬೇರೆಯವರ ಮನೆಯ ಸತ್ತವರನ್ನು ನಮ್ಮ ಮನೆಗೆ ಕರೆಯುವುದುಂಟಾ ಮಾಷ್ಟ್ರೇ? ಕರೆದರೆ ಅವರು ವಾಪಸು ಹೋಗುವುದು ಎಲ್ಲಿಗೆ?”

ಉತ್ತರ ಬಂದದ್ದು ಬಾವಿಕಟ್ಟೆಯ ಕಡೆಯಿಂದ. ಪೂವಪ್ಪನವರು ಅಕ್ಕನೊ‌ಡನೆ ಎಂದೂ ಎತ್ತರದ ಸ್ವರದಲ್ಲಿ ಮಾತಾಡಿದವರಲ್ಲ, ಅಂದೂ ಮಾತಾಡಲಿಲ್ಲ.

“ಅಕ್ಕ, ಈ ಊರಿನಲ್ಲಿಯೇ ಇನ್ನು ಎರಡು ಮನೆಯವರು ಇದ್ದಾರು. ನಮ್ಮ ಹಾಗೆಯೇ ಎಲೆ ಮಡಚಿಟ್ಟು ಕಾದಿರಬಹುದು, ಇಲ್ಲದಿದ್ದರೆ ಮರೆತೇ ಬಿಟ್ಟಿರಬಹುದು. ಕಾಯುವವರಿದ್ದರೆ ಅವರ ಪರವಾಗಿ ನಾವು ಬಡಿಸುವ. ಮರೆತಿದ್ದರೆ ಅವರಿಬ್ಬರಿಗೂ ಹೋಗಲಿಕ್ಕೆ ಬೇರೆ ಮನೆ ಇಲ್ಲವಲ್ಲ. ಇಲ್ಲಿಯೇ ಇರಲಿ.”

ರತ್ನಾವತಿಯವರು ಒಳಗೆ ತಿರುಗಿ, “ತೃಪ್ತಿ, ಇನ್ನೆರಡು ಎಲೆ ಕೊಯ್ದುಕೊಂಡು ಬಾ,” ಎಂದರು. “ಮಾಷ್ಟ್ರಿಗೆ ನೀರು ಕೊಡು.”

ಮೂಲೆಯಲ್ಲಿ ಮಡಚಿಟ್ಟಿದ್ದ ಎಲೆಯನ್ನು ಪೂವಪ್ಪನವರೇ ತಂದು ಬಿಡಿಸಿದರು. ಬಿಡಿಸುವಾಗ ನಡುವಿನ ದಂಟು ಸಣ್ಣಗೆ ಸೀಳಿತು. ಅವರು ಅಂಗೈಯಿಂದ ಅದನ್ನು ಒತ್ತಿ ಒತ್ತಿ ಸರಿಮಾಡಿದರು. ಹಿರಿಯ ತಾಯಂದಿರ ಸಾಲಿನ ಕೊನೆಗೆ ಮೂರು ಎಲೆ ಸೇರಿದವು. ನೀರುದೋಸೆ, ಕೋಳಿಯ ಪದಾರ್ಥ, ಹುರಿದ ಮೀನು. ಆ ಮೂರರಲ್ಲಿ ನಡುವಿನ ಎಲೆಗೆ ಬಡಿಸುವಾಗ ರತ್ನಾವತಿಯವರು ನೆಲದ ಮೇಲೆ ಕುಳಿತು ಕೋಳಿಯ ತುಂಡುಗಳಿಂದ ಎಲುಬನ್ನೂ ಮೀನಿನಿಂದ ಮುಳ್ಳನ್ನೂ ಬಿಡಿಸತೊಡಗಿದರು. ನಾನು ಏಕೆಂದು ಕೇಳಲಿಲ್ಲ; ಅವರೇ ಹೇಳಿದರು, ಒಂದು ಕೈಯವಳು, ಕಷ್ಟ ಆಗ್ತದೆ ಎಂದು. ಆಮೇಲೆ ಎದ್ದುನಿಂತು, “ದೇಯೀ, ಬಲ, ವಣಸ್ ಮಲ್ಪು,” ಬಾ, ಊಟ ಮಾಡು ಎಂದು ಮೂರು ಸಲ ಕರೆದರು. ಮೂರು ಸಲವೂ ಒಂದೇ ಸ್ವರ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದೆವು. ಪೂವಪ್ಪನವರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು.

“ಮೂವರಿಗೂ ಒಬ್ಬರಿಗೊಬ್ಬರ ಪರಿಚಯ ಇದ್ದಿರಬಹುದಾ ಮಾಷ್ಟ್ರೇ?”

ಹಡಗುಗಳು ಬೇರೆ, ವರ್ಷಗಳು ಬೇರೆ, ಇಬ್ಬರು ಮಾತ್ರ ಒಂದೇ ಕಾರ್ಖಾನೆಯವರು. ಇದ್ದಿರಬಹುದು ಎಂದೆ. ಆ ದಿನ ನಾನು ಹೇಳಿದ ಸುಳ್ಳು ಅದೊಂದೇ, ಅದೂ ಪೂರ್ತಿ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ.

ಇಂಥವರು ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ಗಡಿಬಿಡಿಯಲ್ಲಿ ನಮಗೆ ಅವರು ಹಳೆಯ ಕೋಟು ತೊಟ್ಟ ವಿಚಿತ್ರ ಮನುಷ್ಯರಂತೆ ಕಾಣುತ್ತಾರೆ. ತಮ್ಮ ಮನೆಯ ಸತ್ತವರಿಗೆ ಬಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಚರಿತ್ರೆಯ ಅನ್ಯಾಯವನ್ನು ಕುರಿತು ಗಂಟೆಗಟ್ಟಲೆ ಮಾತಾಡಬಲ್ಲ ನನ್ನಂಥವರಿಗೂ ಕೊರತೆಯಿಲ್ಲ. ಆದರೆ ಸುದ್ದಿಯೇ ಬಾರದೆ ಹೋದ ಒಬ್ಬಳಿಗಾಗಿ ಒಂದು ಜಾಗವನ್ನು ಯಾರಿಗೂ ಬಿಟ್ಟುಕೊಡದೆ ಕಾಯುವವರು ಅಪರೂಪ. ಹೋದವರು ಇನ್ನು ಬರುವುದಿಲ್ಲವೆಂದು ಒಪ್ಪಿಕೊಳ್ಳಲು ಅವರಿಗೆ ನಾಲ್ಕು ತಲೆಮಾರು ಬೇಕಾಗುತ್ತದೆ. ಒಪ್ಪಿಕೊಂಡ ದಿನ, ತಮ್ಮವಳೊಬ್ಬಳಿಗಾಗಿ ಮಾತ್ರ ಅಳುವುದು ಅವರಿಗೆ ಬರುವುದಿಲ್ಲ.